ತಾಲೀಮಲ್ಲ, ಜಗಳ

1999ರಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕೋರ್ಟುಗಳಲ್ಲಿ ಕನ್ನಡದ ಇಂಟರ್‌ಪ್ರಿಟರ್ ಆಗಿದ್ದೆ. ಇಂಗ್ಲಿಷ್ ಬಾರದವರು ಕನ್ನಡದಲ್ಲಿ ಆಡಿದ್ದನ್ನು ಜಡ್ಜಿಗೆ ಇಂಗ್ಲಿಷಿನಲ್ಲಿ, ಜಡ್ಜು ಆಡಿದ್ದನ್ನು ಅವರ ಕಿವಿಗೆ ಕನ್ನಡದಲ್ಲಿ ಮುಟ್ಟಿಸುವುದು ನನ್ನ ಕೆಲಸ. ವರ್ಷಕ್ಕೆ ಐದಾರು ಸಲ ಕರೆ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಪಾಲೋ ಆಲ್ಟೋದ ಒಂದು ಕಂಪನಿಯಲ್ಲಿ ಕೂತು ಯಾರೂ ಓದದ ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆಯುತ್ತಿದ್ದೆ. ಡಾಟ್‌ಕಾಮ್ ಭರಾಟೆಯ ಕಾಲ ಅದು. ಪಕ್ಕದ ಕ್ಯೂಬಿಕಲ್ಲಿನವರು ಊಟದ ಹೊತ್ತಿಗೆ ಹೊಸ ಕಂಪನಿಯ ಯೋಜನೆ ಹಾಕಿ ಸಂಜೆಗೆ ರಾಜೀನಾಮೆ ಕೊಡುತ್ತಿದ್ದರು. ಕೋರ್ಟಿಗೆಂದು ನಾನು ರಜೆ ಹಾಕಿದಾಗಲೆಲ್ಲ ನನ್ನ ಮ್ಯಾನೇಜರು, ಇದರಿಂದ ನಿನಗೇನು ಸಿಗುತ್ತದೆ ಎಂದು ಕೇಳುತ್ತಿದ್ದ. ಅವನಿಗೆ ಅರ್ಥ ಮಾಡಿಸಲು ನಾನು ಹೋಗಲಿಲ್ಲ.

ಈ ಕೆಲಸಕ್ಕೆ ನಿಯಮಗಳು ಕಡಿಮೆ, ಆದರೆ ಗಟ್ಟಿ. ಹೇಳಿದ್ದನ್ನೆಲ್ಲ ಹೇಳಬೇಕು. ಕೂಡಿಸಬಾರದು, ಬಿಡಬಾರದು, ನಯ ಮಾಡಬಾರದು. ಎಲ್ಲವನ್ನೂ ‘ನಾನು’ ಎಂದೇ ಹೇಳಬೇಕು. ಕಕ್ಷಿದಾರರು ‘ನಾನು ಹೊಡೆದೆ’ ಎಂದರೆ ಇಂಟರ್‌ಪ್ರಿಟರೂ ‘ನಾನು ಹೊಡೆದೆ’ ಎನ್ನಬೇಕೇ ಹೊರತು ‘ಅವರು ಹೊಡೆದೆ ಅನ್ನುತ್ತಿದ್ದಾರೆ’ ಎನ್ನುವಂತಿಲ್ಲ. ಅವರು ಬೈದರೆ ನಾವೂ ಬೈಯಬೇಕು. ಮೈಸೂರಿನಲ್ಲಿ ಬೈಗುಳವನ್ನೂ ಬಹುವಚನದಲ್ಲಿ ಆಡುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಇದು ರೂಢಿಯಾಗಲು ಎರಡು ವರ್ಷ ಹಿಡಿಯಿತು. ರೂಢಿಯಾದ ಮೇಲೆ ನಾನು ಆ ನಿಯಮ ಮುರಿದದ್ದಿಲ್ಲ. ಮುರಿಯಿರಿ ಎಂದು ಒತ್ತಾಯ ಬಂದದ್ದು ಒಂದೇ ಕೇಸಿನಲ್ಲಿ.

ಆ ವರ್ಷ ಆಗಸ್ಟಿನಲ್ಲಿ ಒಂದು ಕೋರ್ಟಿನಿಂದ ಫೋನು ಬಂತು. ಆಪಾದಿತೆ ಐವತ್ತು ದಾಟಿದ ಹೆಂಗಸು, ಗಂಡನಿಗೆ ಹೊಡೆದ ಆರೋಪ. ಹೆಸರು ನೋಡಿ ಮೊದಲ ದಿನ ಉರ್ದು ಇಂಟರ್‌ಪ್ರಿಟರನ್ನು ಕರೆಸಿದ್ದರಂತೆ. ಆಕೆ ಅವನ ಮಾತನ್ನೆಲ್ಲ ಕೇಳಿಸಿಕೊಂಡು, ನಿನ್ನ ಮಾತು ನನಗೆ ತಿಳಿಯುತ್ತದೆ, ಆದರೆ ನಾನು ಜಗಳ ಆಡಿದ್ದು ಕನ್ನಡದಲ್ಲಿ, ಜವಾಬು ಕೊಡುವುದೂ ಕನ್ನಡದಲ್ಲೇ ಎಂದು ಕೂತುಬಿಟ್ಟರಂತೆ. ಕೋರ್ಟಿನ ಗುಮಾಸ್ತೆ ಇದನ್ನು ಹೇಳುವಾಗ ಗೊಣಗುತ್ತಿದ್ದಳು. ನನಗೆ ಮಾತ್ರ ಆ ಹೆಂಗಸು ಮುಖ ನೋಡುವ ಮೊದಲೇ ಇಷ್ಟವಾದರು.

ಅವರನ್ನು ಇಲ್ಲಿ ಜೈತುನಬಿ ಎಂದು ಕರೆಯುತ್ತೇನೆ, ಗಂಡನನ್ನು ಮಕ್ತುಮಸಾಬ ಎಂದು. ಎರಡೂ ನಿಜವಾದ ಹೆಸರಲ್ಲ. ಗದಗ ಸೀಮೆಯವರು. ಕಂಪನಿ ನಾಟಕಗಳಲ್ಲಿ ಮೂವತ್ತು ವರ್ಷ ಗಂಡ-ಹೆಂಡಿರ ಹಾಸ್ಯದ ಜೋಡಿಯಾಗಿ ಹೆಸರು ಮಾಡಿದ್ದರು. ಮುಖ್ಯ ನಾಟಕದ ಎರಡು ದೃಶ್ಯಗಳ ನಡುವೆ ಬಂದು, ಜಗಳವಾಡಿ, ಜನರನ್ನು ನಗಿಸಿ ಹೋಗುವುದು ಅವರ ಪಾತ್ರ. ಸ್ಟೇಜಿನಲ್ಲೂ ಗಂಡ-ಹೆಂಡಿರು, ಡೇರೆಯಲ್ಲೂ ಗಂಡ-ಹೆಂಡಿರು. ಮನೆಮಾತು ದಖನಿ ಉರ್ದು. ಆದರೆ ಇಬ್ಬರೂ ಜಗಳ ಕಲಿತದ್ದು ಸ್ಟೇಜಿನ ಮೇಲೆ. ಹಾಗಾಗಿ ನಿಜವಾದ ಸಿಟ್ಟು ಬಂದಾಗಲೂ ಬಾಯಿಗೆ ಬರುತ್ತಿದ್ದುದು ಕನ್ನಡವೇ. ಕಂಪನಿ ಮುಚ್ಚಿದ ಮೇಲೆ ಸ್ಯಾನ್ ಮಟಿಯೋದಲ್ಲಿದ್ದ ಮಗಳು ಗ್ರೀನ್ ಕಾರ್ಡು ಮಾಡಿಸಿ ಕರೆಸಿಕೊಂಡಿದ್ದಳು. ಅವಳು ತನ್ನ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದಳು; ಇವರಿಬ್ಬರಿಗೆ ಎರಡು ರಸ್ತೆಯಾಚೆ ಒಂದು ಪುಟ್ಟ ಅಪಾರ್ಟ್‌ಮೆಂಟು. ಇಲ್ಲಿಯೂ ಈದ್ ಕೂಟ, ಯುಗಾದಿ ಕಾರ್ಯಕ್ರಮ, ಯಾರದೋ ಮಗುವಿನ ಹುಟ್ಟುಹಬ್ಬ ಎಂದು ಇವರ ಜಗಳಕ್ಕೆ ಕರೆ ಬರುತ್ತಲೇ ಇತ್ತು.

ಪೊಲೀಸ್ ರಿಪೋರ್ಟಿನಲ್ಲಿ ಇದ್ದದ್ದು ಇಷ್ಟು. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಲಿನ ಮನೆಯವರು ಕೂಗಾಟ ಕೇಳಿ 911ಕ್ಕೆ ಫೋನು ಮಾಡಿದ್ದರು. ಪೊಲೀಸರು ಬಂದಾಗ ಮಕ್ತುಮಸಾಬರ ಹುಬ್ಬಿನ ಮೇಲೆ ರಕ್ತ, ನೆಲದ ಮೇಲೆ ಸ್ಟೀಲಿನ ಚರಿಗೆ, ಎಂದರೆ ನಮ್ಮ ಕಡೆಯ ಚೊಂಬು. ನಾಲ್ಕು ಹೊಲಿಗೆ ಬಿದ್ದಿತ್ತು. ಅಮೆರಿಕದಲ್ಲಿ ಇಂಥ ಕರೆಗೆ ಬಂದ ಪೊಲೀಸರು ರಾಜಿ ಮಾಡಿಸಿ ಹೋಗುವುದಿಲ್ಲ, ಹೊಡೆದವರನ್ನು ಕರೆದೊಯ್ಯುತ್ತಾರೆ. ಜೈತುನಬಿ ಮರುದಿನ ಜೈಲಿನಿಂದ ಹೊರಬಂದರು, ಜೊತೆಗೆ ಒಂದು ‘ಸ್ಟೇ ಅವೇ ಆರ್ಡರು’. ಗಂಡನಿಂದ ನೂರು ಗಜ ದೂರವಿರಬೇಕು. ಫೋನು, ಪತ್ರ, ಮೂರನೆಯವರ ಮೂಲಕ ಹೇಳಿಕಳಿಸುವುದು, ಯಾವುದೂ ಕೂಡದು. ಹಲ್ಲೆಯ ಆರೋಪ ಹೊತ್ತವರು ಮನೆಯಲ್ಲಿದ್ದರೆ ಡೇಕೇರಿನ ಲೈಸೆನ್ಸಿಗೆ ತೊಂದರೆಯಾದೀತೆಂದು ಮಗಳ ಮನೆಗೂ ಹೋಗುವಂತಿರಲಿಲ್ಲ. ಬರ್ಕ್ಲಿಯಲ್ಲಿ ಪರಿಚಯದವರೊಬ್ಬರ ಮನೆಯ ಹಾಲಿನಲ್ಲಿ ಹಾಸಿಗೆ ಹಾಸಿಕೊಂಡಿದ್ದರು. ಎಲ್ಲಕ್ಕಿಂತ ದೊಡ್ಡ ಭಯ ಬೇರೆ. ಗ್ರೀನ್ ಕಾರ್ಡಿನವರ ಮೇಲೆ ಈ ಆರೋಪ ಸಾಬೀತಾದರೆ ದೇಶದಿಂದಲೇ ಹೊರಗೆ ಕಳಿಸಬಹುದು ಎಂಬ ಕಾನೂನು ಬಂದು ಕೆಲವೇ ವರ್ಷವಾಗಿತ್ತು.

ಇದಕ್ಕೆಲ್ಲ ಸುಲಭದ ಪರಿಹಾರವೊಂದು ಸಿದ್ಧವಾಗಿ ಕೂತಿತ್ತು. ಮಕ್ತುಮಸಾಬರು ಪೊಲೀಸರಿಗೆ, ಅದು ನಾಟಕದ ತಾಲೀಮು, ಕೈತಪ್ಪಿ ಬಡಿಯಿತು ಎಂದು ಹೇಳಿದ್ದರು. ತಾಲೀಮೆಂದರೆ ರಿಹರ್ಸಲ್. ಅವರ ಆಟದಲ್ಲಿ ಹೆಂಡತಿ ಚರಿಗೆ ಒಗೆಯುವುದು, ಎಂದರೆ ಬೀಸಿ ಎಸೆಯುವುದು, ಪ್ರತಿ ಸಲ ಇದ್ದದ್ದೇ. ಸಾಕ್ಷಿ ಹೇಳಲು ಬೇ ಏರಿಯಾದ ಅರ್ಧ ಕನ್ನಡಿಗರು ತಯಾರಿದ್ದರು, ಒಂದು ವಿಡಿಯೋ ಕ್ಯಾಸೆಟ್ ಕೂಡ ಇತ್ತು. ಜೈತುನಬಿಗೆ ಸರಕಾರ ಕೊಟ್ಟಿದ್ದ ವಕೀಲೆ, ಚುರುಕಿನ ಹುಡುಗಿ, ಇದನ್ನು ನಂಬಿದ್ದಳು. ನಿಮ್ಮವರು ಹೇಳಿದ್ದನ್ನೇ ನೀವೂ ಹೇಳಿದರೆ ಕೇಸು ಬಿದ್ದುಹೋಗುತ್ತದೆ, ಹೂಂ ಅನ್ನಿ ಎಂದಳು.

ಜೈತುನಬಿ ಹೂಂ ಅನ್ನಲಿಲ್ಲ. ಕೋರ್ಟಿನ ಪಕ್ಕದ ಕಿರಿದಾದ ಕೋಣೆಯಲ್ಲಿ ನಾವು ಮೂವರು ಕೂತಿದ್ದೆವು. ಗಿಡ್ಡನೆಯ ಹೆಂಗಸು, ತಲೆಯ ಮೇಲೆ ಸೆರಗು, ಎಷ್ಟು ಮೆಲ್ಲಗೆ ಮಾತಾಡಿದರೂ ಕೋಣೆಯ ಮೂಲೆಮೂಲೆಗೆ ಮುಟ್ಟುವ ದನಿ.

“ತಾಲೀಮು ಅಲ್ರಿ ಅದು, ಜಗಳ,” ಎಂದರು. “ತಾಲೀಮಿನ್ಯಾಗ ನಾವು ದನಿ ತಗ್ಯೂದಽ ಇಲ್ಲ.”

ಕಂಪನಿಯಲ್ಲಿ ಪರದೆಯ ಮುಂದೆ ನಾಟಕ ನಡೆಯುತ್ತಿರುವಾಗ ಹಾಸ್ಯದವರು ಪರದೆಯ ಹಿಂದೆ ಕೂತು ತಾಲೀಮು ಮಾಡಿಕೊಳ್ಳಬೇಕಾಗಿತ್ತಂತೆ. ದನಿ ಏರಿದರೆ ಮುಂದೆ ಸಾಯುತ್ತಿರುವ ನಾಯಕನಿಗೆ ತೊಂದರೆ, ಮಾಲೀಕರಿಂದ ಬೈಗುಳ. ಹಾಗಾಗಿ ಇಬ್ಬರೂ ಎದುರುಬದುರು ಕೂತು, ರಾತ್ರಿ ಅಡುಗೆಗೆ ಬೆಳ್ಳುಳ್ಳಿ ಬಿಡಿಸುತ್ತ, ಬರೀ ತುಟಿಯಲ್ಲಿ ಜಗಳ ಮಾಡುತ್ತಿದ್ದರು. ಆ ಅಭ್ಯಾಸ ಮೂವತ್ತು ವರ್ಷ ಕಳೆದರೂ ಬಿಟ್ಟಿರಲಿಲ್ಲ. ಸ್ಯಾನ್ ಮಟಿಯೋದ ಅಡುಗೆಮನೆಯ ನೆಲದ ಮೇಲೂ ಹಾಗೇ ಪಿಸುಪಿಸು. ಮೇಲಿನ ಮನೆಗೆ ಕೇಳಿಸಿದೆ ಎಂದರೇ ಅದು ತಾಲೀಮಲ್ಲ ಎಂದು ಅರ್ಥ. ಇದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ವಕೀಲೆ ಪೆನ್ನು ಕೆಳಗಿಟ್ಟಳು.

ಜಗಳದ ಕಾರಣವನ್ನೂ ಅವರೇ ಹೇಳಿದರು. ಹೊರದೇಶದ ಕನ್ನಡಿಗರಿಗೆಂದು ವೆಬ್‌ಸೈಟು ತೆರೆದಿದ್ದ ಒಬ್ಬ ಇಂಜಿನಿಯರು ಇವರ ಆಟ ನೋಡಿ ಮೆಚ್ಚಿದ್ದ. ಎರಡೆರಡು ನಿಮಿಷದ ನಗೆ ತುಣುಕುಗಳನ್ನು ರೆಕಾರ್ಡು ಮಾಡಿ ಇಂಟರ್‌ನೆಟ್ಟಿಗೆ ಹಾಕೋಣ ಎಂದಿದ್ದ. ಆಗ ಇಂಟರ್‌ನೆಟ್ಟಿನಲ್ಲಿ ವಿಡಿಯೋ ಬರುತ್ತಿದ್ದುದು ಬೆಂಕಿಪೊಟ್ಟಣದಷ್ಟು ಕಿಟಕಿಯಲ್ಲಿ. ಅದರಲ್ಲಿ ಎರಡು ಮುಖ ಹಿಡಿಸುವುದಿಲ್ಲ, ನೀವೊಬ್ಬರೇ ಸಾಕು ಎಂದು ಮಕ್ತುಮಸಾಬರಿಗೆ ಹೇಳಿದ. ಅವರು ಒಪ್ಪಿದರು. ಹೆಂಡತಿಗೆ ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಮೂರು ವಾರ ಸ್ಟುಡಿಯೋಕ್ಕೆ ಹೋಗಿ ಬಂದರು. ಆಟದ ಮಾತುಗಳನ್ನೆಲ್ಲ ಮೊದಲಿನಿಂದ ಕಟ್ಟುತ್ತಿದ್ದವರು ಜೈತುನಬಿ. ಈಗ ಇಬ್ಬರ ಮಾತೂ ಮಕ್ತುಮಸಾಬರೊಬ್ಬರ ಬಾಯಲ್ಲಿ. ಒಂದು ಬೆಳಿಗ್ಗೆ ಮಗಳ ಮನೆಯಲ್ಲಿ ಐದು ವರ್ಷದ ಮೊಮ್ಮಗಳು ಕಂಪ್ಯೂಟರಿನಲ್ಲಿ ತಾತನನ್ನು ತೋರಿಸಿ, “ನಾನೀ, ವೇರ್ ಆರ್ ಯೂ?” ಎಂದು ಅಜ್ಜಿಯನ್ನು ಕೇಳಿತು. ಜೈತುನಬಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಎದ್ದು ನೇರ ಮನೆಗೆ ನಡೆದರು.

ವಕೀಲೆ ಒಳ್ಳೆಯವಳು. ತಾಲೀಮೆಂದು ಹೇಳಿ ಎಂದು ಅವಳು ಮತ್ತೆ ಹೇಳಲಿಲ್ಲ, ಬಾಯಿ ಬಿಡಬೇಡಿ ಎಂದಷ್ಟೇ ಬೇಡಿಕೊಂಡಳು. ಗ್ರೀನ್ ಕಾರ್ಡು ಹೋದೀತು, ಮೊಮ್ಮಗಳನ್ನು ಬಿಟ್ಟು ಹೋಗಬೇಕಾದೀತು ಎಂದು ವಿವರಿಸಿದಳು. ಜೈತುನಬಿ ತಮ್ಮ ಒಂದು ಹಳೆಯ ಸಂಗತಿ ಹೇಳಿದರು. ಮದುವೆಯಾಗಿ ಎಂಟು ವರ್ಷಕ್ಕೆ, ಗಂಡ ಬೇರೆ ಕಂಪನಿಯ ನಟಿಯೊಬ್ಬಳ ಜೊತೆ ಜೋಡಿ ಕಟ್ಟಲು ಮಾತಾಡಿಕೊಂಡದ್ದು ತಿಳಿದು, ಆಟದ ಮಧ್ಯೆಯೇ ಸ್ಟೇಜು ಇಳಿದು, ಬಣ್ಣ ಹಚ್ಚಿದ ಮುಖದಲ್ಲೇ ಬಸ್ ಸ್ಟ್ಯಾಂಡಿಗೆ ಹೋಗಿ ಕೂತಿದ್ದರಂತೆ. ಮಕ್ತುಮಸಾಬರು ಅವರಿಲ್ಲದ ಖಾಲಿ ಜಾಗದ ಜೊತೆ ಜಗಳ ಮುಂದುವರಿಸಿದರು. ಜನ ಅದೂ ಆಟದ್ದೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮರುದಿನದಿಂದ ಮಾಲೀಕರು ಅದನ್ನು ಆಟದಲ್ಲೇ ಸೇರಿಸಿದರು. ಬಸ್ ಸ್ಟ್ಯಾಂಡಿನಿಂದ ವಾಪಸು ಬಂದ ಹೆಂಗಸು ದಿನವೂ ಅದೇ ಜಾಗದಲ್ಲಿ ಸ್ಟೇಜು ಇಳಿದು ಹೋಗಬೇಕಾಯಿತು. ಈ ಕಥೆಗೆ ನಮ್ಮ ಕೋಣೆಯಲ್ಲಿ ಯಾರೂ ನಗಲಿಲ್ಲ.

ಹೊರಗೆ ಬಂದಾಗ ಕಾರಿಡಾರಿನಲ್ಲಿ ಮಗಳು ನನ್ನ ಕೈ ಹಿಡಿದಳು. ಕಣ್ಣು ಬಾತುಕೊಂಡಿತ್ತು.

“ಆಂಟಿ, ಅಮ್ಮಿ ಒಳಗೆ ಏನಾದ್ರೂ ಅಂದ್ಬಿಟ್ರೆ ನೀವು ಸ್ವಲ್ಪ ಅಡ್ಜಸ್ಟ್ ಮಾಡಿ ಹೇಳಿ. ಯಾರಿಗೆ ಗೊತ್ತಾಗುತ್ತೆ?”

ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದು ನಿಜ. ಆ ಕೋರ್ಟಿನಲ್ಲಿ ಎರಡೂ ಭಾಷೆ ಬಲ್ಲವರು ನಾನು ಮತ್ತು ಅವಳು ಇಬ್ಬರೇ. ‘ಜಗಳ’ ಎಂಬಲ್ಲಿ ‘ಪ್ರಾಕ್ಟೀಸ್’ ಎಂದರೆ ಮುಗಿಯಿತು, ತಾಯಿ ಉಳಿಯುತ್ತಾಳೆ, ಡೇಕೇರ್ ಉಳಿಯುತ್ತದೆ. ನನಗೂ ಒಂದು ಕ್ಷಣ ನಾಲಿಗೆ ತುರಿಸಿದ್ದನ್ನು ಮುಚ್ಚಿಡುವುದಿಲ್ಲ. ಆದರೆ ನನಗೆ ಸಿಟ್ಟೂ ಬಂತು. ನಿಮ್ಮ ಅಮ್ಮನ ಮಾತನ್ನು ಒಬ್ಬರು ಆಗಲೇ ತೆಗೆದುಕೊಂಡಿದ್ದಾರೆ, ಎರಡನೆಯವಳು ನಾನಾಗಲಾರೆ ಎಂದು ಹೇಳಿ ಕೈ ಬಿಡಿಸಿಕೊಂಡೆ. ಅಷ್ಟು ಒರಟಾಗಿ ಹೇಳಬಾರದಿತ್ತು. ಹೇಳಿದ್ದು ತಪ್ಪೆಂದು ಮಾತ್ರ ಇವತ್ತಿಗೂ ಅನ್ನಿಸಿಲ್ಲ.

ಅಂದಿನ ವಿಚಾರಣೆ ನಡೆದದ್ದು ಮಕ್ತುಮಸಾಬರ ಕೋರಿಕೆಯ ಮೇಲೆ. ಸ್ಟೇ ಅವೇ ಆರ್ಡರು ತೆಗೆಯಿರಿ, ಹೆಂಡತಿ ಮನೆಗೆ ಬರಲಿ ಎಂದು ಅವರು ಅರ್ಜಿ ಹಾಕಿದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ, ಹುಬ್ಬಿನ ಮೇಲೆ ಗಾಯದ ಗೆರೆ. ಸಾಕ್ಷಿಯ ಕುರ್ಚಿಯಲ್ಲಿ ಕೂತು ಬಲಗೈ ಎತ್ತಿ ಪ್ರಮಾಣ ಮಾಡಿದರು. ಅದು ತಾಲೀಮು, ಕೈತಪ್ಪಿ ಬಡಿಯಿತು ಎಂದು ಮತ್ತೆ ಹೇಳಿದರು. ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿದೆ. ನಿಮಗೆ ನಿಮ್ಮ ಹೆಂಡತಿಯ ಭಯವಿದೆಯೇ ಎಂದು ಜಡ್ಜು ಕೇಳಿದರು. ಮಕ್ತುಮಸಾಬರು ಹಿಂದಿನ ಬೆಂಚುಗಳ ಕಡೆ ಒಮ್ಮೆ ನೋಡಿದರು. ಅಲ್ಲಿ ಹತ್ತಿಪ್ಪತ್ತು ಜನ ತಮ್ಮ ತಮ್ಮ ಸರದಿಗೆ ಕಾಯುತ್ತಿದ್ದರು.

“ಅಂಜೂದಽ ನನ್ನ ಉದ್ಯೋಗ ಸಾಹೇಬ್ರ,” ಎಂದು ತುಸು ತಡೆದರು. “ಆದ್ರ ಅದಕ್ಕ ಟಿಕೀಟ್ ಇರತೈತಿ.”

ತಡೆದದ್ದೂ ಮಾತಿನ ಭಾಗವೇ, ಹಾಗಾಗಿ ನಾನೂ ಅಷ್ಟೇ ತಡೆದು ಇಂಗ್ಲಿಷಿನಲ್ಲಿ ಹೇಳಿದೆ. ಕೋರ್ಟು ಗೊಳ್ಳೆಂದು ನಕ್ಕಿತು. ಬಾಗಿಲ ಬಳಿಯ ಪೊಲೀಸು ನಕ್ಕ, ಜಡ್ಜು ತುಟಿ ಕಚ್ಚಿಕೊಂಡರು. ಮಕ್ತುಮಸಾಬರ ಮುಖ ಅರಳಿತು. ಕೇಸು ಅಲ್ಲಿಗೆ ಗೆದ್ದಂತೆಯೇ ಇತ್ತು.

“ನಗಬ್ಯಾಡ್ರಿ,” ಎಂದರು ಜೈತುನಬಿ ತಮ್ಮ ಜಾಗದಿಂದ. “ಇಂವ ಸುಳ್ಳ ಹೇಳಾಕತ್ತಾನ.”

ಕೋರ್ಟಿನಲ್ಲಿ ಕಕ್ಷಿದಾರರು ಗಟ್ಟಿಯಾಗಿ ಆಡಿದ ಯಾವ ಮಾತನ್ನೂ ನಾನು ನುಂಗುವಂತಿಲ್ಲ. ನಗಬೇಡಿ, ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಅಷ್ಟೇ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಹೊಸ ಪಂಜಾಬಿ ಡ್ರೆಸ್ ಹಾಕಿಕೊಂಡು ನೋಟ್‌ಪ್ಯಾಡು ಹಿಡಿದು ನಿಂತಿದ್ದ ನನ್ನನ್ನೇ ಎಲ್ಲರೂ ತಿರುಗಿ ನೋಡಿದರು. ನಗು ನಿಂತಿತು. ವಕೀಲೆ ಜೈತುನಬಿಯ ತೋಳು ಹಿಡಿದು ಜಗ್ಗಿದಳು. ಜಡ್ಜು ಗಂಭೀರರಾಗಿ, ನಿಮಗೆ ಸುಮ್ಮನಿರುವ ಹಕ್ಕಿದೆ, ಏನೇ ಹೇಳಿದರೂ ನಿಮ್ಮ ವಿರುದ್ಧವೇ ಬಳಸಬಹುದು, ವಕೀಲರ ಮಾತು ಕೇಳಿ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ನಾನು ಅದನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ.

“ತಿಳೀತ್ರಿ. ಸುಮ್ಮನಿರೂ ಹಕ್ಕು ನನಗ ಬ್ಯಾಡ,” ಎಂದು ಅವರು ಎದ್ದು ನಿಂತರು. “ಮೂವತ್ತ ವರ್ಷ ಮಾತಾಡೀನಿ, ಎಲ್ಲಾರೂ ನಕ್ಕಾರ. ಇದೊಂದು ನಗಾಕಲ್ಲ.”

ಆಮೇಲೆ ಹೇಳಿದ್ದು ಇದು. ಆಟದಲ್ಲಿ ಚರಿಗೆ ಒಗೆಯುವ ಮುಂಚೆ ಒಂದು ಮಾತಿದೆ, ‘ಹಂಗಾದ್ರ ನಾ ಯಾರು?’ ಎಂದು. ಆ ಮಾತು ಬಿದ್ದ ಕೂಡಲೇ ಗಂಡ ಎಡಕ್ಕೆ ಬಾಗಬೇಕು, ಚರಿಗೆ ಅವನ ಕಿವಿಯ ಪಕ್ಕದಲ್ಲಿ ಹಾದು ಹೋಗಬೇಕು. ಸಾವಿರಾರು ಸಲ ಒಗೆದಿದ್ದಾರೆ, ಒಂದು ಸಲವೂ ತಾಗಿರಲಿಲ್ಲ. ಅವತ್ತು ಕೈಗೆ ಸಿಕ್ಕಿದ್ದು ಚರಿಗೆ, ಎದುರಿಗೆ ನಿಂತದ್ದು ಗಂಡ, ಕೈ ತನ್ನ ಪಾಡಿಗೆ ಮೇಲೆ ಹೋಯಿತು. ಆದರೆ ಆ ಮಾತು ಬರಲಿಲ್ಲ. ಇಷ್ಟು ವರ್ಷ ನಗಿಸಲು ಕೇಳಿದ್ದನ್ನು ಅವತ್ತು ನಿಜವಾಗಿ ಕೇಳಬೇಕಾಗಿತ್ತು, ಅದಕ್ಕೇ ಬಾಯಿಂದ ಹೊರಡಲಿಲ್ಲ. ಆ ಮಾತಿಲ್ಲದೆ ಒಗೆದರು. ಮಾತು ಬರುತ್ತದೆಂದು ಕಾಯುತ್ತ ಮಕ್ತುಮಸಾಬರು ನೆಟ್ಟಗೆ ನಿಂತೇ ಇದ್ದರು.

“ಅದಕ್ಕ ಬಡೀತು. ತಪ್ಪು ನಂದಽ. ಬಡದದ್ದಕ್ಕ ಏನ ಶಿಕ್ಷಾ ಕೊಡ್ತೀರಿ ಕೊಡ್ರಿ. ತಾಲೀಮು ಅಂತ ಮಾತ್ರ ಬರ್ಕೋಬ್ಯಾಡ್ರಿ.”

‘ಹಾಗಾದರೆ ನಾನು ಯಾರು?’ ಎಂಬುದನ್ನು ನಾನೇ ಇಂಗ್ಲಿಷಿನಲ್ಲಿ, ನಾನು ಎಂದೇ ಹೇಳಬೇಕಾಗಿತ್ತು. ಅದನ್ನು ಹೇಳಿ ನಾನು ನಿಂತುಬಿಟ್ಟೆ. ಅದುವರೆಗೆ ಹಾಗಾಗಿರಲಿಲ್ಲ. ನಮ್ಮ ಸ್ವಂತ ಮಾತನ್ನು ಕೋರ್ಟಿನಲ್ಲಿ ನಾವು ಹೊರಗಿನವರಂತೆ ಹೇಳಬೇಕು. ‘ಇಂಟರ್‌ಪ್ರಿಟರ್ ನೀರು ಕೇಳುತ್ತಿದ್ದಾಳೆ’ ಎಂದೆ. ಕುಡಿದು ಮುಂದುವರಿಸಿದೆ.

ಜಡ್ಜು ಮಕ್ತುಮಸಾಬರ ಕಡೆ ತಿರುಗಿ, ನೀವು ಹೇಳಿದ್ದರಲ್ಲಿ ಏನಾದರೂ ಬದಲಿಸುವುದಿದೆಯೇ ಎಂದು ಕೇಳಿದರು. ಅವರು ಈ ಸಲ ಬೆಂಚುಗಳ ಕಡೆ ನೋಡಲಿಲ್ಲ, ಜಡ್ಜಿನ ಕಡೆಯೂ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತ, ಮಾತು ಬಾರದವರ ಹಾಗೆ ಒಂದೊಂದಾಗಿ ಹೇಳಿದರು.

“ಈಕಿ ಅಂದದ್ದು ಖರೆ ಐತ್ರಿ. ತಾಲೀಮು ಅಲ್ಲ. ಮಾತೆಲ್ಲಾ ಈಕಿ ಕಟ್ಟಿದ್ದು. ನಾ ಕಳುವು ಮಾಡಿದೆ. ಈಕಿ ಇಲ್ಲದಽ ನಡೀತೈತಿ ಅಂದ್ಕೊಂಡಿದ್ದೆ.”

ಯಾರೂ ನಗಲಿಲ್ಲ. ಜೈತುನಬಿ ಸೆರಗು ಸರಿಮಾಡಿಕೊಂಡು ಕೂತರು. ಅವರ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ, ಬಹಳ ದೂರ ನಡೆದು ಬಂದವರ ದಣಿವಿತ್ತು.

ಜಡ್ಜು ಅಂದೇ ಆರ್ಡರನ್ನು ಸಡಿಲಿಸಿದರು; ಜೊತೆಗಿರಬಹುದು, ಕೈ ಮಾಡುವಂತಿಲ್ಲ. ಮುಂದಿನ ತಾರೀಖಿಗೆ ಕೇಸು ಹಾಕಿದ್ದ ಸರಕಾರಿ ವಕೀಲರು ಆರೋಪವನ್ನು ಇಳಿಸಿ, ನೆರೆಹೊರೆಯ ನೆಮ್ಮದಿ ಕೆಡಿಸಿದ ಸಣ್ಣ ಅಪರಾಧವಾಗಿಸಿದರು. ಅದರಿಂದ ಗ್ರೀನ್ ಕಾರ್ಡಿಗೆ ಧಕ್ಕೆಯಿಲ್ಲ, ಸಿಟ್ಟು ತಡೆಯುವುದನ್ನು ಕಲಿಸುವ ಕ್ಲಾಸಿಗೆ ಹೋದರೆ ಸಾಕು. ಒಪ್ಪುತ್ತೀರಾ ಎಂದು ಕೇಳಿದಾಗ ಜೈತುನಬಿ, ಮೇಲಿನ ಮನೆಯವರಿಗೆ ತೊಂದರೆಯಾದದ್ದು ನಿಜ, ಅದನ್ನು ಒಪ್ಪುತ್ತೇನೆ ಎಂದರು. ಸತ್ಯ ಹೇಳಿದ್ದಕ್ಕೆ ಒಳ್ಳೆಯದಾಯಿತು ಎಂದು ಇಲ್ಲಿ ಬರೆಯುವ ಆಸೆ ನನಗಿಲ್ಲ. ಬೇರೆ ಜಡ್ಜು, ಬೇರೆ ದಿನವಾಗಿದ್ದರೆ ಅವರು ವಿಮಾನ ಹತ್ತಬೇಕಾಗುತ್ತಿತ್ತು ಎಂದು ವಕೀಲೆಯೇ ಆಮೇಲೆ ಹೇಳಿದಳು. ಆ ದಿನವೂ ಜೈತುನಬಿ ಇದೇ ಮಾತು ಆಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮುಂದಿನ ವರ್ಷ ಆ ವೆಬ್‌ಸೈಟು ಎಷ್ಟೋ ವೆಬ್‌ಸೈಟುಗಳ ಜೊತೆ ಮುಚ್ಚಿಹೋಯಿತು. ಅಷ್ಟರಲ್ಲಿ ಇವರಿಬ್ಬರೂ ಸ್ಯಾನ್ ಮಟಿಯೋದ ಒಂದು ಸ್ಕೂಲಿನ ಆಡಿಟೋರಿಯಮ್ಮಿನಲ್ಲಿ ಹೊಸ ಆಟ ಆಡಿದರು, ಕೋರ್ಟಿನದ್ದೇ. ಕೇಸು ಮುಗಿದಿದ್ದರಿಂದ ನಾನೂ ಹೋಗಿದ್ದೆ. ಜಡ್ಜೂ ಮಕ್ತುಮಸಾಬರೇ, ಇಂಟರ್‌ಪ್ರಿಟರೂ ಅವರೇ; ನಾನು ಬೆನ್ನು ಸೆಟೆದು ನಿಲ್ಲುವ ರೀತಿಯನ್ನು ಹಾಗೇ ಎತ್ತಿದ್ದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಆದರೆ ‘ನಾ ಕಳುವು ಮಾಡಿದೆ’ ಎಂದು ಅವರು ತಪ್ಪೊಪ್ಪಿಕೊಂಡ ಮಾತು ಆಟದಲ್ಲಿ ಎಲ್ಲೂ ಬರಲಿಲ್ಲ. ಯಾಕೆಂದು ಗ್ರೀನ್‌ರೂಮಿನಲ್ಲಿ ಕೇಳಿದೆ. ಜೈತುನಬಿ ಬಣ್ಣ ಒರೆಸಿಕೊಳ್ಳುತ್ತ, “ಅದು ನಂದ್ರಿ ಅಕ್ಕಾರ. ಅದನ್ನ ಮಂದಿಗೆ ಕೊಡೂದಿಲ್ಲ,” ಎಂದರು.

ನಿವೃತ್ತಳಾದ ಮೇಲೆ ನಾನು ಹೊಸ ಇಂಟರ್‌ಪ್ರಿಟರುಗಳಿಗೆ ತರಬೇತಿ ಕೊಡುತ್ತೇನೆ. ಕಕ್ಷಿದಾರರ ಮಾತಿನಿಂದ ಅವರಿಗೇ ಕೆಡುಕಾಗುತ್ತದೆ ಎಂದು ಗೊತ್ತಿದ್ದಾಗ ಏನು ಮಾಡಬೇಕು ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ. ಆಡಿದ ಮಾತು ಆಡಿದವರದು, ಅವರ ಒಳ್ಳೆಯದಕ್ಕೆಂದು ಅದನ್ನು ತಿದ್ದುವುದೂ ಕಳ್ಳತನವೇ ಎಂದು ಹೇಳಿ ಈ ಕೇಸನ್ನು ವಿವರಿಸುತ್ತೇನೆ. ಆಕೆಯನ್ನು ದೇಶ ಬಿಟ್ಟು ಕಳಿಸಿದ್ದರೆ ಏನು ಮಾಡುತ್ತಿದ್ದಿರಿ ಎಂದು ಒಬ್ಬಳು ಪಟ್ಟು ಹಿಡಿದು ಕೇಳಿದಳು. ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದೆ ಎಂದೆ. ಆಮೇಲೆ ಏರ್‌ಪೋರ್ಟಿನವರೆಗೂ ಹೋಗಿ ಕಳಿಸಿಕೊಟ್ಟು, ದಾರಿಯುದ್ದಕ್ಕೂ ಅಳುತ್ತ ಮನೆಗೆ ಬರುತ್ತಿದ್ದೆ.